ಲಾ ಸ್ಪೆಜಿಯಾ - ವೆನಿಸ್ ರೈಲು ಟಿಕೆಟ್ ಬರ್ತಾನೇ ಇಲ್ಲ, ಮೂರು ದಿನದಿಂದ ಒದ್ದಾಡ್ತಿದೀನಿ

ಹೆಬ್ಬಾಳ್‌ಹೈದ:
ಎಲ್ರಿಗೂ ನಮಸ್ಕಾರ. ಮೂರು ದಿನದಿಂದ ರಾತ್ರಿ ಮಕ್ಳು ಮಲಗಿದ್ಮೇಲೆ ಲ್ಯಾಪ್‌ಟಾಪ್ ಮುಂದೆ ಕೂತು ಇದೇ ಕೆಲ್ಸ. ಇಟಲಿಗೆ ಫ್ಯಾಮಿಲಿ ಟ್ರಿಪ್ಪು, ರೋಮ್, ಫ್ಲಾರೆನ್ಸ್, ಲಾ ಸ್ಪೆಜಿಯಾ, ವೆನಿಸ್. ವೀಸಾ ಆಯ್ತು, ಫ್ಲೈಟ್ ಆಯ್ತು, ಹೋಟೆಲ್ಲೂ ಆಯ್ತು, ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರಲ್ಲ. ಆದ್ರೆ ಲಾ ಸ್ಪೆಜಿಯಾದಿಂದ ವೆನಿಸ್‌ಗೆ ಟಿಕೆಟ್ ಬರ್ತಾನೇ ಇಲ್ಲ. ಬೇರೆ ಬ್ರೌಸರ್, ಬೇರೆ ಫೋನು, ಹೆಂಡ್ತಿ ಫೋನು, ಎಲ್ಲಾ ನೋಡಿದ್ದಾಯ್ತು. ಮನೇಲಿ ದಿನಾ "ಆಯ್ತಾ, ಆಯ್ತಾ" ಅಂತ ಕೇಳ್ತಾರೆ, ಏನಂತ ಹೇಳ್ಲಿ. ಹೋಗಿ ಬಂದೋರು ಯಾರಾದ್ರೂ ದಾರಿ ತೋರ್ಸಿ ಪ್ಲೀಸ್.

ಕಾರ್ಡ್‌ಕಿಂಗ್:
ಇದು ಕಾರ್ಡ್ ಪ್ರಾಬ್ಲಮ್ಮು ಗುರು, ಬೇರೆ ಏನೂ ಅಲ್ಲ. 2020ರ ಮಾರ್ಚ್ 16ರಿಂದ ಆರ್‌ಬಿಐ ರೂಲ್ ಇದೆ, ಹೊಸ ಕಾರ್ಡ್ ಕೊಟ್ಟಾಗ ದೇಶದೊಳಗಿನ ಎಟಿಎಂ ಮತ್ತೆ ಅಂಗಡಿ ಸ್ವೈಪ್ ಮಾತ್ರ ಆನ್ ಇರುತ್ತೆ, ಆನ್‌ಲೈನ್ ಮತ್ತೆ ಇಂಟರ್‌ನ್ಯಾಶನಲ್ ಎರಡನ್ನೂ ನಾವೇ ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡ್ಕೋಬೇಕು. ಲಿಮಿಟ್ ಕೂಡ ಬೇರೆ ಇರುತ್ತೆ, ಅದನ್ನೂ ಏರಿಸಿ. ಮಾಡಿ ನೋಡಿ, ಆಮೇಲೆ ಹೇಳಿ.

ಹೆಬ್ಬಾಳ್‌ಹೈದ:
ಇಂಟರ್‌ನ್ಯಾಶನಲ್ ಆನ್ ಇದೆ ಸರ್. ಲಿಮಿಟ್ಟೂ ಏರಿಸ್ದೆ. ಅದೇ ಕಥೆ.

ಕಾರ್ಡ್‌ಕಿಂಗ್:
ಹಂಗಾದ್ರೆ ಓಟಿಪಿ ಪೇಜ್ ತನಕ ಹೋಗ್ತಿರಲ್ಲ. ಪಾಪ್‌ಅಪ್ ಬ್ಲಾಕ್ ಆಗಿರ್ಬೇಕು. ಇಲ್ಲಾಂದ್ರೆ ಬೇರೆ ನೆಟ್‌ವರ್ಕ್ ಕಾರ್ಡ್ ಹಾಕಿ ನೋಡಿ. ನನ್ ಹತ್ರ ನಾಲ್ಕು ಕಾರ್ಡ್ ಇದೆ, ಎರಡು ಝೀರೋ ಫಾರೆಕ್ಸ್, ಒಂದು ಲೌಂಜ್‌ಗೆ, ಇನ್ನೊಂದು ಬರೀ ಹೋಟೆಲ್ ಡೆಪಾಸಿಟ್‌ಗೆ ಅಂತ್ಲೇ ಇಟ್ಟಿರೋದು, ಆರು ದೇಶ ಸುತ್ತಿದೀನಿ ಒಂದು ಸಲಾನೂ ಡಿಕ್ಲೈನ್ ಆಗಿಲ್ಲ.

ಕುಡ್ಲದಕಡಲು:
ರೈಲಿನ ಉಸಾಬರಿ ಯಾಕೆ ಮಾರಾಯ್ರೆ, ಒಂದು ಸೆವೆನ್ ಸೀಟರ್ ತಗೊಳ್ಳಿ. ನಾವು ಫ್ಲಾರೆನ್ಸ್‌ನಲ್ಲಿ ಗಾಡಿ ಎತ್ತಿ ಇಡೀ ಟಸ್ಕನಿ ಸುತ್ತಿದ್ದು, ಎಂಥ ಚಂದ ಅಂತ ಗೊತ್ತುಂಟಾ, ಎಲ್ಲಿ ಬೇಕೋ ಅಲ್ಲಿ ನಿಲ್ಸಿ ಮಕ್ಕಳಿಗೆ ತಿಂಡಿ ಕೊಡ್ಬಹುದು. ಆರ್‌ಟಿಓದಲ್ಲಿ ಫಾರ್ಮ್ 4ಎ ಕೊಟ್ರೆ ಒಂದು ವರ್ಷದ ಐಡಿಪಿ, ಅಂದ್ರೆ ಇಂಟರ್‌ನ್ಯಾಶನಲ್ ಡ್ರೈವಿಂಗ್ ಪರ್ಮಿಟ್, ಸಿಗ್ತದೆ. ಲಾ ಸ್ಪೆಜಿಯಾದಿಂದ ಎ15 ಹಿಡಿದು ಪಾರ್ಮಾ, ಅಲ್ಲಿಂದ ವೆನಿಸ್, ಮಧ್ಯಾಹ್ನಕ್ಕೆ ಮುಟ್ಟಿದ್ರಿ.

ಹಳಿಪ್ರೇಮಿ:
ಟಸ್ಕನಿ ಹಳ್ಳಿ ಸುತ್ತೋಕೆ ಕಾರು ಸರಿ, ಒಪ್ತೀನಿ. ಈ ನಾಲ್ಕು ಊರಿಗೆ ಮಾತ್ರ ಬೇಡ. ಫ್ಲಾರೆನ್ಸ್, ಪೀಸಾ, ಸಿಯೆನಾ ಎಲ್ಲಾ ಕಡೆ ಊರ ಮಧ್ಯ ಝಡ್‌ಟಿಎಲ್ ಇದೆ, ಅಂದ್ರೆ ಹೊರಗಿನ ಗಾಡಿ ಬಿಡದ ಏರಿಯಾ, ಪರ್ಮಿಟ್ ಇಲ್ದೆ ಒಳಗೆ ನುಗ್ಗಿದ್ರೆ ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತೆ, ಪೊಲೀಸ್ ನಿಲ್ಸೋದೂ ಇಲ್ಲ, ಎಷ್ಟೋ ತಿಂಗ್ಳಾದ್ಮೇಲೆ ಮನೆಗೆ ದಂಡದ ಕಾಗದ ಬರುತ್ತೆ, ಜೊತೆಗೆ ಗಾಡಿ ಕೊಟ್ಟೋರ ಸರ್ವಿಸ್ ಚಾರ್ಜು. ಹೋಟೆಲ್ ಬಾಗಿಲಿಗೆ ಹೋಗೋಕಂತ ಒಂದೇ ಬೀದಿಗೆ ಮೂರು ಸಲ ಹೋದ್ರೆ ಮೂರು ದಂಡ. ಒಂದೂರಲ್ಲಿ ತಗೊಂಡು ಇನ್ನೊಂದೂರಲ್ಲಿ ಬಿಟ್ರೆ ಅದಕ್ಕೂ ಎಕ್ಸ್‌ಟ್ರಾ. ವೆನಿಸ್‌ನಲ್ಲಂತೂ ಕಾರು ಪಿಯಾತ್ಸಾಲೆ ರೋಮಾ ತನಕ ಮಾತ್ರ.

ಕುಡ್ಲದಕಡಲು:
ನಮಗೆ ಒಂದೂ ದಂಡ ಬರ್ಲಿಲ್ಲ. ಬೋರ್ಡ್ ನೋಡಿ ಓಡಿಸಿದ್ರೆ ಆಯ್ತು. ಕೆಂಪು ವೃತ್ತ ಕಂಡ್ರೆ ತಿರುಗಿಸ್ಕೊಳ್ಳಿ, ಅಷ್ಟೇ.

ಹಳಿಪ್ರೇಮಿ:
ಹಿಂದೆ ಐದು ಗಾಡಿ ಹಾರ್ನ್ ಹೊಡೀತಿರುವಾಗ, ಬಲಗಡೆ ಓಡ್ಸೋ ದೇಶದಲ್ಲಿ, ಆ ಕಿರಿದಾದ ಗಲ್ಲೀಲಿ ತಿರುಗಿಸ್ಕೊಳ್ಳೋದು ಅಷ್ಟು ಸುಲಭ ಅಲ್ಲ ಸರ್. ಇನ್ನೊಂದು, ಸೆವೆನ್ ಸೀಟರ್‌ನಲ್ಲಿ ಹಿಂದಿನ ಸಾಲು ತೆರೆದ್ರೆ ಡಿಕ್ಕಿನೇ ಇರಲ್ಲ. ಇವ್ರು ಎಷ್ಟು ಜನ, ಎಷ್ಟು ಸೂಟ್‌ಕೇಸ್ ಅಂತ ಇನ್ನೂ ಹೇಳೇ ಇಲ್ಲ.

ಪಾದೊವಾ_ಕನ್ನಡತಿ:
ನಾನೂ ಅದನ್ನೇ ಕೇಳೋಣ ಅಂತಿದ್ದೆ. ಹೆಬ್ಬಾಳ್ ಅವ್ರೇ, ನಾನು ಎಂಟು ವರ್ಷದಿಂದ ಪಾದೊವಾದಲ್ಲಿ ಇದೀನಿ, ಈ ರೂಟು ಗೊತ್ತು. "ಟಿಕೆಟ್ ಬರ್ತಿಲ್ಲ" ಅಂದ್ರೆ ಏನು? ದುಡ್ಡು ಕಟ್ಟುವಾಗ ನಿಲ್ತಿದ್ಯಾ, ಇಲ್ಲಾ ರೈಲೇ ಕಾಣ್ತಿಲ್ವಾ? ಯಾವ ದಿನಾಂಕ? ಎಷ್ಟು ಜನ, ಮಕ್ಳ ವಯಸ್ಸೆಷ್ಟು? ವೆನಿಸ್‌ನಲ್ಲಿ ಹೋಟೆಲ್ ಎಲ್ಲಿ?

ಹೆಬ್ಬಾಳ್‌ಹೈದ:
ಸಾರಿ ಮೇಡಂ, ಅದೆಲ್ಲಾ ಬೇಕಾಗುತ್ತೆ ಅಂತ ಅನ್ಕೊಳ್ಲಿಲ್ಲ. ರೈಲೇ ಕಾಣ್ತಿಲ್ಲ. ದಿನಾಂಕ ಹಾಕಿ ಹುಡುಕಿದ್ರೆ ಖಾಲಿ ಪೇಜ್ ಬರುತ್ತೆ, ಒಂದೊಂದ್ಸಲ ಹತ್ತು ಗಂಟೆ ತಗೊಳ್ಳೋ ಯಾವುದೋ ಒಂದು ತೋರ್ಸುತ್ತೆ. ಜೂನ್ 17. ಆರು ಜನ, ನಾವಿಬ್ರು, ಅಪ್ಪ ಅಮ್ಮ, ಮಗಳು 9, ಮಗ 3. ದೊಡ್ಡ ಸೂಟ್‌ಕೇಸ್ ಐದು. ಹೋಟೆಲ್ ಮೆಸ್ತ್ರೆ ಸ್ಟೇಷನ್ ಹತ್ರ, ದ್ವೀಪದಲ್ಲಲ್ಲ, ಈಚೆ ದಡದ ವೆನಿಸ್. ಅಮ್ಮಂಗೆ ಮಂಡಿ ನೋವು, ಮೆಟ್ಟಿಲು ಇಳಿಯೋದು ತುಂಬಾ ಕಷ್ಟ, ಅದಕ್ಕೇ ಗಾಡಿ ಬದಲಾಯಿಸ್ದೆ ಒಂದೇ ರೈಲಲ್ಲಿ ಹೋಗ್ಬೇಕು ಅಂತ ಹುಡುಕ್ತಿದ್ದೆ. ರೋಮ್ - ಫ್ಲಾರೆನ್ಸ್ ಜೂನ್ 11ರದ್ದು ಹೋದ ವಾರಾನೇ ಇದೇ ಕಾರ್ಡಲ್ಲಿ ಬುಕ್ ಆಯ್ತು.

ಕಾರ್ಡ್‌ಕಿಂಗ್:
ಒಂದು ಸಲ ಆಗಿದೆ ಅಂದ್ರೆ ಎರಡನೇ ಸಲ ಆಗುತ್ತೆ ಅಂತ ಗ್ಯಾರಂಟಿ ಇಲ್ಲ, ಒಂದೇ ವಿದೇಶಿ ಸೈಟಲ್ಲಿ ಎರಡು ಸಲ ಕಟ್ಟಿದ್ರೆ ಬ್ಯಾಂಕು ರಿಸ್ಕ್ ಅಂತ ಹಿಡಿದು ಹಾಕುತ್ತೆ. ಕಸ್ಟಮರ್ ಕೇರ್‌ಗೆ ಒಂದ್ ಫೋನ್ ಮಾಡಿ.

ಹಳಿಪ್ರೇಮಿ:
ರೈಲೇ ಕಾಣ್ತಿಲ್ಲ ಅಂದ್ಮೇಲೆ ಕಾರ್ಡ್ ಎಲ್ಲಿಂದ ಬಂತು ಗುರುಗಳೇ. ಜೂನ್ 11 ಸಿಗುತ್ತೆ, 17 ಸಿಗಲ್ಲ, ಇದರಲ್ಲೇ ಉತ್ತರ ಇದೆ.

ಪಾದೊವಾ_ಕನ್ನಡತಿ:
ಹೌದು, ಈಗ ಗೊತ್ತಾಯ್ತು. ಯುರೋಪ್‌ನಲ್ಲಿ ರೈಲು ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತೆ, ಡಿಸೆಂಬರ್ ಮಧ್ಯದಲ್ಲಿ ದೊಡ್ಡದು, ಜೂನ್ ಮಧ್ಯದಲ್ಲಿ ಚಿಕ್ಕದು. ಜೂನ್ ಮಧ್ಯದ ನಂತರದ ಗಾಡಿಗಳನ್ನ ಒಂದೇ ಸಲಕ್ಕೆ ಹಾಕಲ್ಲ, ಸ್ವಲ್ಪ ಸ್ವಲ್ಪ ತೆರೀತಾರೆ. ಅರ್ಧ ಹಾಕಿದಾಗ ನೀವು ಹುಡುಕಿದ್ರೆ ಹಿಂಗೇ ಖಾಲಿ ಅಥವಾ ವಿಚಿತ್ರವಾದ ಹತ್ತು ಗಂಟೆ ರೂಟು ಬರುತ್ತೆ. ನಿಮ್ ಫೋನಿಗೂ ಏನಾಗಿಲ್ಲ, ಕಾರ್ಡಿಗೂ ಏನಾಗಿಲ್ಲ. ಕಾಯ್ಬೇಕು ಅಷ್ಟೇ.

ಎರಡನೇದು, ನೇರ ರೈಲು ಅಂತ ಹುಡುಕೋದು ಬಿಡಿ. ಎಲ್ಲಿ ಬದಲಾಯಿಸ್ಬೇಕು ಅನ್ನೋದೇ ಇಲ್ಲಿ ಮುಖ್ಯ, ಅದರಲ್ಲೂ ಅಮ್ಮ ಜೊತೆಗಿರುವಾಗ. ಆ್ಯಪ್ ನಿಮಗೆ ಪಾರ್ಮಾ - ಬೊಲೋನ್ಯ ಮೇಲೆ ಹೋಗೋ ದಾರಿ ತೋರಿಸ್ಬಹುದು, ಬೆಟ್ಟದ ಮೇಲಿನ ಆ ಲೈನು ನೋಡೋಕೆ ಚೆನ್ನಾಗಿದೆ, ಆದ್ರೆ ಬೊಲೋನ್ಯದಲ್ಲಿ ಹೈಸ್ಪೀಡ್ ಗಾಡಿ ನಿಲ್ಲೋ 16ರಿಂದ 19ನೇ ಪ್ಲಾಟ್‌ಫಾರ್ಮು ಭೂಮಿ ಒಳಗೆ ತುಂಬಾ ಕೆಳಗಿದೆ, ಮೇಲಿಂದ ಅಲ್ಲಿಗೆ ಹೋಗೋಕೆ ಎಸ್ಕಲೇಟರ್ ಮೇಲೆ ಎಸ್ಕಲೇಟರ್, ಲಿಫ್ಟ್ ಇದೆ ಆದ್ರೆ ಹುಡುಕ್ಬೇಕು, ಐದು ಸೂಟ್‌ಕೇಸ್ ಎಳ್ಕೊಂಡು ಹತ್ತು ಹದಿನೈದು ನಿಮಿಷ ಬೇಕೇ ಬೇಕು. ನೀವು ಫ್ಲಾರೆನ್ಸ್ ಮೇಲೆ ಹೋಗಿ. ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನ್ನು ಹಳಿ ಮುಗಿಯೋ ಜಾಗ, ಎಲ್ಲಾ ಪ್ಲಾಟ್‌ಫಾರ್ಮೂ ತಲೆಭಾಗದಲ್ಲಿ ಒಂದೇ ಸಮತಟ್ಟಿಗೆ ಸೇರುತ್ತೆ, ಒಂದು ಗಾಡಿ ಇಳಿದು ಇನ್ನೊಂದಕ್ಕೆ ಒಂದು ಮೆಟ್ಟಿಲೂ ಇಲ್ದೆ ನಡ್ಕೊಂಡು ಹೋಗ್ಬಹುದು. ನಮ್ ಮೆಜೆಸ್ಟಿಕ್ ತರ ಸಬ್‌ವೇ ಇಳಿದು ಹತ್ತೋದಿಲ್ಲ.

ಮೂರನೇದು, ಟಿಕೆಟ್ ಎರಡು ತುಂಡು ಮಾಡಿ ಹುಡುಕಿ. ಲಾ ಸ್ಪೆಜಿಯಾ - ಫ್ಲಾರೆನ್ಸ್ ರೆಜೊನಾಲೆ, ಅಂದ್ರೆ ನಮ್ ಪ್ಯಾಸೆಂಜರ್ ಗಾಡಿ ತರ, ಸುಮಾರು ಎರಡೂವರೆ ಗಂಟೆ. ಇದಕ್ಕೆ ಸೀಟ್ ನಂಬರ್ ಇಲ್ಲ, ಫುಲ್ ಆಗೋದೂ ಇಲ್ಲ, ಇವತ್ತು ತಗೊಂಡ್ರೂ ಆವತ್ತು ತಗೊಂಡ್ರೂ ಒಂದೇ ರೇಟು. ಹಾಗಾಗಿ ಇದರ ಚಿಂತೆನೇ ಬೇಡ. ನೇರ ಗಾಡಿ ದಿನಕ್ಕೆ ಕೆಲವು ಇರುತ್ತೆ, ಅದನ್ನೇ ಹಿಡೀರಿ, ಇಲ್ಲಾಂದ್ರೆ ಪೀಸಾದಲ್ಲಿ ಇಳಿದು ಹತ್ಬೇಕು, ಅಲ್ಲಿ ಸಬ್‌ವೇ ಇದೆ. ಫ್ಲಾರೆನ್ಸ್ - ವೆನಿಸ್ ಮಾತ್ರ ಫ್ರೆಚ್ಚಾರೊಸ್ಸಾ ಅಥವಾ ಇತಾಲೊ ಅನ್ನೋ ಹೈಸ್ಪೀಡ್ ಗಾಡಿ, ಎರಡು ಗಂಟೆ ಚಿಲ್ಲರೆ, ಇದು ಬೇಗ ತಗೊಂಡಷ್ಟೂ ಕಡಿಮೆ.

ಹುಡುಕುವಾಗ ಸಾಂತಾ ಲುಚೀಯಾ (ದ್ವೀಪದಲ್ಲಿರೋ ವೆನಿಸ್ ಸ್ಟೇಷನ್) ಅಂತ ಹಾಕ್ಬೇಡಿ, ವೆನೇಜಿಯಾ ಮೆಸ್ತ್ರೆ ಅಂತ ಹಾಕಿ. ತ್ರಿಯೆಸ್ತೆ, ಊದಿನೆ ಕಡೆ ಹೋಗೋ ಗಾಡಿಗಳು ಮೆಸ್ತ್ರೆಯಲ್ಲಿ ಮಾತ್ರ ನಿಂತು ಹೋಗ್ತವೆ, ಅವೂ ಲಿಸ್ಟ್‌ಗೆ ಬರುತ್ತೆ. ಎರಡು ಗಾಡಿ ಮಧ್ಯ ಒಂದು ಗಂಟೆಗಿಂತ ಜಾಸ್ತಿ ಇರ್ಲಿ, ಯಾಕಂದ್ರೆ ಬೇರೆ ಬೇರೆ ಬುಕಿಂಗ್ ಆದ್ರೆ ಮೊದಲನೇದು ಲೇಟಾಯ್ತು ಅಂತ ಎರಡನೇದರ ಅಗ್ಗದ ಟಿಕೆಟ್ ಉಳಿಯಲ್ಲ.

ಧಾರವಾಡ್‌ಪೇಡೆ:
ಮೆಸ್ತ್ರೆ ಯಾಕ್ರಿ? ವೆನಿಸ್‌ಗೆ ಹೋಗಿ ವೆನಿಸ್‌ನ್ಯಾಗ ಇರಲಿಲ್ಲಂದ್ರ ಏನು ಚಂದ. ರಾತ್ರಿ ಜನಾ ಎಲ್ಲಾ ಹೋದಮ್ಯಾಲ ನೀರಿನ ಸಪ್ಪಳ ಕೇಳಕೋತ ಅಡ್ಡಾಡೋದು ಮೆಸ್ತ್ರೆದಾಗ ಸಿಗೂದಿಲ್ಲ.

ಹಳಿಪ್ರೇಮಿ:
ಮಂಡಿ ನೋವಿರೋರಿಗೆ ಐದು ಸೂಟ್‌ಕೇಸ್ ಜೊತೆ ಸೇತುವೆ ಮೆಟ್ಟಿಲು ಹತ್ತಿ ಇಳಿಯೋದು ಚಂದ ಅಲ್ಲ ಮೇಡಂ. ಮೆಸ್ತ್ರೆಯಿಂದ ಹತ್ತು ಹನ್ನೆರಡು ನಿಮಿಷಕ್ಕೆ ಸಾಂತಾ ಲುಚೀಯಾ. ಸ್ಟೇಷನ್ ಮುಂದೇನೇ ವಾಪೊರೆತ್ತೊ, 1ನೇ ನಂಬರ್ ದೋಣಿ ಹತ್ತಿ ಕೂತ್ರೆ ಗ್ರ್ಯಾಂಡ್ ಕೆನಾಲ್ ಪೂರ್ತಿ ಕಾಣುತ್ತೆ. ಟಿಕೆಟ್ 9.50 ಯೂರೊ, 75 ನಿಮಿಷ, ಆರು ವರ್ಷದೊಳಗಿನ ಮಕ್ಳಿಗೆ ಇಲ್ಲ.

ಧಾರವಾಡ್‌ಪೇಡೆ:
ನಮ್ಮ ಅತ್ತಿಯವರಿಗೂ ಮಂಡಿ ನೋವೇ ಇತ್ರಿ, ದ್ವೀಪದಾಗೇ ಇದ್ವಿ, ನಡೀತು. ದೋಣಿ ನಿಲ್ದಾಣದ ಮಗ್ಗಲಕ ಮನಿ ಹಿಡದಿದ್ವಿ. ಆದ್ರ ನಾವು ಸಾಮಾನು ಭಾಳ ಕಮ್ಮಿ ಒಯ್ದಿದ್ವಿ, ತಲಿಗೊಂದು 7 ಕೆಜಿ ಬ್ಯಾಗು, ಒಂದು ಸಣ್ಣ ರೈಸ್ ಕುಕ್ಕರ್, ಶೇಂಗಾ ಚಟ್ನಿಪುಡಿ, ಒಣ ರೊಟ್ಟಿ ಎರಡು ಕಟ್ಟು. ಅಲ್ಲೂ 230 ವೋಲ್ಟ್ ಐತಿ, ಕುಕ್ಕರ್ ಹಂಗ ನಡೀತದ, ಪ್ಲಗ್ ಮಾತ್ರ ಬ್ಯಾರೆ, ಉದ್ದಕ್ಕ ಮೂರು ತೂತು ಇರ್ತಾವ, ಸಣ್ಣ ದುಂಡನ ಎರಡು ಪಿನ್ನಿನ ಅಡಾಪ್ಟರ್ ಒಯ್ರಿ.

ಕುಡ್ಲದಕಡಲು:
ಕುಕ್ಕರ್ ಬೇಡ, ಎಲೆಕ್ಟ್ರಿಕ್ ಕೆಟಲ್ ಸಾಕು. ನಾವು ಅದರಲ್ಲೇ ಅವಲಕ್ಕಿ ಉಪ್ಪಿಟ್ಟು, ಗಂಜಿ ಎಲ್ಲ ಮಾಡಿದ್ದು.

ಹೆಬ್ಬಾಳ್‌ಹೈದ:
ಕುಕ್ಕರ್ ವಿಷ್ಯ ಆಮೇಲೆ ಮಾತಾಡೋಣ ಪ್ಲೀಸ್. ಪಾದೊವಾ ಮೇಡಂ, ತುಂಬಾ ಥ್ಯಾಂಕ್ಸ್. ಮೆಸ್ತ್ರೆ ಹಿಡ್ದಿದ್ದು ಮಾರನೇ ದಿನ ಬಿಟ್ಟು ಮರುದಿನ ಬೆಳಗ್ಗೆ ಮಾರ್ಕೊ ಪೋಲೊ ಏರ್‌ಪೋರ್ಟ್‌ಗೆ ಹೋಗ್ಬೇಕು ಅಂತ. ಎರಡು ಡೌಟು. ಮಕ್ಳಿಗೆ ಫ್ರೀ ಅಂತ ಎಲ್ಲೋ ಓದಿದ್ದೆ, ನಮಗೆ ಆ ಆಪ್ಷನ್ನೇ ಬರ್ಲಿಲ್ಲ. ಮತ್ತೆ ಅಮ್ಮನ್ನ ಗಾಡಿ ಹತ್ಸೋದು ಹೆಂಗೆ, ಅಲ್ಲಿ ಕೂಲಿಗಳು ಇರ್ತಾರಾ?

ಪಾದೊವಾ_ಕನ್ನಡತಿ:
ಏರ್‌ಪೋರ್ಟ್‌ಗೆ ಮೆಸ್ತ್ರೆ ಸ್ಟೇಷನ್ ಎದುರಿಂದ ಬಸ್ ಇದೆ, ಇಪ್ಪತ್ತು ನಿಮಿಷದ ಆಸುಪಾಸು. ಮಕ್ಳದ್ದು "ಬಿಂಬಿ ಗ್ರಾತಿಸ್" ಅಂತ ಟ್ರೆನಿತಾಲಿಯಾದಲ್ಲಿ (ಇಟಲಿ ಸರ್ಕಾರಿ ರೈಲು ಕಂಪನಿ), 15 ವರ್ಷದೊಳಗಿನೋರಿಗೆ ಫ್ರೀ, ಆದ್ರೆ ದೊಡ್ಡವರು ಬೇಸ್ ರೇಟ್, ಅಂದ್ರೆ ಪೂರ್ತಿ ದರ ಕೊಡ್ಬೇಕು, ಮತ್ತೆ 2ರಿಂದ 5 ಜನರ ಗುಂಪಿಗೆ ಮಾತ್ರ. ನೀವು ಆರು ಜನ ಒಟ್ಟಿಗೆ ಹಾಕಿರ್ತೀರಿ, ಅದಕ್ಕೇ ಬರ್ಲಿಲ್ಲ. ನೀವು ನಾಲ್ವರು ಒಂದು ಬುಕಿಂಗು, ಅಪ್ಪ ಅಮ್ಮ ಇನ್ನೊಂದು ಮಾಡಿ. ಬೇಸ್ ಜಾಸ್ತಿ ಅನ್ಸಿದ್ರೆ ಎಲ್ರಿಗೂ ಎಕಾನಮಿ (ರಿಯಾಯ್ತಿ ಟಿಕೆಟ್) ಹಾಕಿ ಕೂಡಿಸಿ ನೋಡಿ, ಎಷ್ಟೋ ಸಲ ಅದೇ ಕಡಿಮೆ ಬೀಳುತ್ತೆ.

ಕೂಲಿಗಳ ಮೇಲೆ ನಂಬ್ಕೊಂಡು ಬರ್ಬೇಡಿ. ದೊಡ್ಡ ಸ್ಟೇಷನ್‌ಗಳಲ್ಲಿ "ಸಾಲಾ ಬ್ಲೂ" ಅಂತ ಇದೆ, ನಡೆಯೋಕೆ ಕಷ್ಟ ಇರೋರಿಗೆ ವೀಲ್‌ಚೇರ್, ಗಾಡಿಗೆ ಎತ್ತೋ ಲಿಫ್ಟ್ ಎಲ್ಲಾ ಅವರೇ ತಂದು ಹತ್ತಿಸ್ತಾರೆ, ದುಡ್ಡಿಲ್ಲ, ಆದ್ರೆ ಮುಂಚೆನೇ ತಿಳಿಸಿರ್ಬೇಕು. ಹಳೇ ರೆಜೊನಾಲೆ ಬೋಗಿಯಲ್ಲಿ ಮೆಟ್ಟಿಲು ಎತ್ತರ, ಬಾಗಿಲ ಪಕ್ಕ ಹಿಡಿಕೆ ಇರುತ್ತೆ, ನೀವು ಮೊದ್ಲು ಹತ್ತಿ ಸೂಟ್‌ಕೇಸ್ ಒಳಗೆ ಎಳ್ಕೊಳ್ಳಿ, ಅಮ್ಮನ್ನ ಆಮೇಲೆ.

ಇನ್ನೊಂದು ಮರೀಬೇಡಿ. ರೆಜೊನಾಲೆ ಪೇಪರ್ ಟಿಕೆಟ್ ಆದ್ರೆ ಹತ್ತೋ ಮುಂಚೆ ಮೆಶಿನ್‌ಗೆ ತೂರಿಸಿ ಸೀಲ್ ಹಾಕಿಸ್ಬೇಕು, ಫೋನ್ ಟಿಕೆಟ್ ಆದ್ರೆ ಚೆಕ್‌ಇನ್ ಒತ್ಬೇಕು. ಟಿಕೆಟ್ ಕೈಯಲ್ಲಿದ್ರೂ ಸೀಲ್ ಇಲ್ಲ ಅಂತ ದಂಡ ಕಟ್ಟಿದ ನಮ್ಮೋರನ್ನ ಎಷ್ಟೋ ಜನರನ್ನ ನೋಡಿದೀನಿ, ಹೊಟ್ಟೆ ಉರಿಯುತ್ತೆ.

ಹಳಿಪ್ರೇಮಿ:
ಹೊರಡೋಕೆ ಒಂದು ವಾರ ಮುಂಚೆ "ಶೊಪೆರೊ" ಇದ್ಯಾ ಅಂತ ನೋಡ್ಕೊಳ್ಳಿ, ಅಂದ್ರೆ ಮುಷ್ಕರ. ಮೊದ್ಲೇ ಘೋಷಣೆ ಮಾಡ್ತಾರೆ, ಸಾರಿಗೆ ಸಚಿವಾಲಯದ ಸೈಟಲ್ಲಿ ಪಟ್ಟಿ ಇರುತ್ತೆ. ವಾರದ ದಿನ ಆದ್ರೆ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9 ರೆಜೊನಾಲೆ ಓಡ್ಸಲೇಬೇಕು ಅಂತ ಇದೆ. ಮತ್ತೆ ಸ್ಟೇಷನ್ ಬೋರ್ಡಲ್ಲಿ ಕೊನೇ ಊರಿನ ಹೆಸರು ಮಾತ್ರ ದೊಡ್ಡದಾಗಿ ಬರುತ್ತೆ, ಮೆಸ್ತ್ರೆ ಅಂತ ಹುಡುಕ್ಬೇಡಿ, ಗಾಡಿ ನಂಬರ್ ನೋಡಿ.

ಹೆಬ್ಬಾಳ್‌ಹೈದ:
ಮೂರು ವಾರ ಆದ್ಮೇಲೆ ಅಪ್‌ಡೇಟ್ ಕೊಡ್ತಿದೀನಿ. ದಿನಾ ಬೆಳಗ್ಗೆ ನೋಡ್ತಿದ್ದೆ, ನಿನ್ನೆ ಜೂನ್ 17 ತೆರೀತು. ಫ್ಲಾರೆನ್ಸ್ - ಮೆಸ್ತ್ರೆ ಎರಡು ಬುಕಿಂಗ್ ಮಾಡ್ದೆ, ಕೂಡಿಸಿ ನೋಡಿದ್ರೆ ಎಕಾನಮಿನೇ ಕಡಿಮೆ ಬಿತ್ತು. ಮಧ್ಯ ಒಂದು ಗಂಟೆ 40 ನಿಮಿಷ ಇದೆ. ಸಾಲಾ ಬ್ಲೂಗೂ ಬರೆದೆ. ಅಮ್ಮಂಗೆ ಫ್ಲಾರೆನ್ಸ್ ಸ್ಟೇಷನ್ ಫೋಟೋ ದೊಡ್ಡದು ಮಾಡಿ ತೋರ್ಸಿದೆ, ಕನ್ನಡಕ ಹಾಕ್ಕೊಂಡು ಆ ಕಡೆಯಿಂದ ಈ ಕಡೆ ತನಕ ನೋಡಿ "ನೆಲ ಸಮ ಇದೆ ಬಿಡು, ನಡೀತೀನಿ" ಅಂದ್ರು. ಎಲ್ರಿಗೂ ತುಂಬಾ ಥ್ಯಾಂಕ್ಸ್.

ಕಾರ್ಡ್‌ಕಿಂಗ್:
ಒಳ್ಳೇದಾಯ್ತು. ಯಾವ ಕಾರ್ಡಲ್ಲಿ ಕಟ್ಟಿದ್ರಿ, ಫಾರೆಕ್ಸ್ ಮಾರ್ಕಪ್ ಎಷ್ಟು ಹಾಕಿದ್ರು?