ಪೀಚ್ ಕಾಬ್ಲರ್: ಹಿಟ್ಟು ಒಳಗೆ ಹಸಿ ಉಳಿಯುತ್ತಿದೆ, ಮಾಡಿ ಅನುಭವ ಇರುವವರು ಹೇಳಿ

ದಾವಣಗೆರೆ ಸೊಸೆ, ಅಟ್ಲಾಂಟಾ:
ಜುಲೈ 4ಕ್ಕೆ, ಅಮೆರಿಕದ ಸ್ವಾತಂತ್ರ್ಯ ದಿನಕ್ಕೆ, ಪಕ್ಕದ ಮನೆಯವರು ಊಟಕ್ಕೆ ಕರೆದಿದ್ದಾರೆ. ಪೀಚ್ ಕಾಬ್ಲರ್ (ಪೀಚ್ ಹಣ್ಣು, ಹಿಟ್ಟು ಸೇರಿಸಿ ಓವನ್‌ನಲ್ಲಿ ಬೇಯಿಸುವ ಸಿಹಿ) ನಾನೇ ತರುತ್ತೇನೆ ಅಂದುಬಿಟ್ಟೆ. ಎರಡು ಸಲ ಮಾಡಿದೆ. ಮೇಲೆ ಚೆನ್ನಾಗಿ ಕೆಂಪಗಾಗುತ್ತದೆ, ಹಣ್ಣಿಗೆ ತಾಗುವ ಕಡೆ ಹಿಟ್ಟು ಹಸಿಹಸಿ. ಅತ್ತೆ ಇಲ್ಲೇ ಇದ್ದಾರೆ, ಮೊಟ್ಟೆ ಬೇಡ. ಡಬ್ಬಿ ಹಣ್ಣೂ ಬೇಡ. ನೀವೆಲ್ಲ ಹೇಗೆ ಮಾಡುತ್ತೀರಿ?

ಹಾಸನದ ಅಕ್ಕ, ಮೇಕನ್:
ಹನ್ನೊಂದು ವರ್ಷದಿಂದ ನಾನು ಮಾಡುವುದು ಹಿಟ್ಟು ಸುರಿಯುವ ಕಾಬ್ಲರ್ ಒಂದೇ. ಮೈದಾ, ಸಕ್ಕರೆ, ಹಾಲು ಒಂದೊಂದು ಕಪ್, ಬೇಕಿಂಗ್ ಪೌಡರ್, ಒಂದು ಕಡ್ಡಿ (ಅರ್ಧ ಕಪ್) ಬೆಣ್ಣೆ. ಮೊಟ್ಟೆ ಬೇಕೇ ಇಲ್ಲ. ಪಾತ್ರೆಯಲ್ಲೇ ಬೆಣ್ಣೆ ಕರಗಿಸಿ, ಹಿಟ್ಟು ಸುರಿದು, ಮೇಲೆ ಹಣ್ಣು. ಕಲಕಬಾರದು. ಬೇಯುತ್ತಾ ಹಿಟ್ಟೇ ಹಣ್ಣಿನ ಮೇಲೆ ಉಬ್ಬಿ ಬರುತ್ತದೆ. ಮೊದಲ ವರ್ಷ ನಾನು ಕಲಕಿ ಇಡೀ ಪಾತ್ರೆ ಮುದ್ದೆಯಾಗಿತ್ತು. ಅದೂ ಮೇ ತಿಂಗಳ ಹಣ್ಣು, ಬೀಜ ಬಿಡುವುದೇ ಇಲ್ಲ. 25 ಪೌಂಡಿನ ಪೆಟ್ಟಿಗೆಗೆ 42 ಡಾಲರ್ ಕೊಟ್ಟಿದ್ದೆ, ಒಂಬತ್ತು ಪೌಂಡ್ ಕಸಕ್ಕೆ ಹೋಯಿತು. ಚಾಕು ಜಾರಿ ಹೆಬ್ಬೆರಳಿಗೆ ಎರಡು ಹೊಲಿಗೆ ಬಿತ್ತು. ಗುರುತು ಇನ್ನೂ ಇದೆ. ಜೂನ್ ಮಧ್ಯ ಕಳೆದ ಮೇಲೆ ಬರುವ, ಬೀಜ ಸಲೀಸಾಗಿ ಬಿಡುವ ಹಣ್ಣನ್ನೇ ತಗೊಳ್ಳಿ.

ಕಾಫಿತೋಟ, ಗ್ರೀನ್‌ವಿಲ್:
ಅಕ್ಕ, ಅದು ಕೇಕ್. ಕಾಬ್ಲರ್ ಅಂದರೆ ಮೇಲೆ ಬಿಸ್ಕಿಟ್ (ಇಲ್ಲಿನ ಮೆತ್ತನೆ ಬನ್ನಿನಂಥದ್ದು) ಹಿಟ್ಟಿನ ಉಂಡೆ ಇರಬೇಕು. ತಣ್ಣನೆ ಬೆಣ್ಣೆಯನ್ನು ಬೆರಳ ತುದಿಯಲ್ಲಿ ಮೈದಾಕ್ಕೆ ಉಜ್ಜಬೇಕು, ಬಟಾಣಿ ಗಾತ್ರದ ಚೂರು ಉಳಿಯಬೇಕು, ಆಮೇಲೆ ಮಜ್ಜಿಗೆ. ನಾನೂ ಒಂದು ವರ್ಷ ಹಸಿ ಹಿಟ್ಟು ತಿಂದಿದ್ದೇನೆ. ಈಗ ಹಣ್ಣನ್ನು ಮೊದಲೇ 375 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಹದಿನೈದು ನಿಮಿಷ ಇಟ್ಟು, ಬಿಸಿ ರಸದ ಮೇಲೆ ಉಂಡೆ ಬಿಡುತ್ತೇನೆ. ಉಂಡೆಗಳ ನಡುವೆ ಜಾಗ ಬಿಡಿ, ಹಬೆ ಹೋಗಲಿ. ಅಂಚಿನಲ್ಲಷ್ಟೇ ಅಲ್ಲ, ನಡುವಲ್ಲೂ ರಸ ಕೊತಕೊತ ಕುದಿಯಬೇಕು. ಇಲ್ಲದಿದ್ದರೆ ಹಣ್ಣಿಗೆ ಬೆರೆಸಿದ ಕಾರ್ನ್‌ಫ್ಲೋರ್ ಗಟ್ಟಿಯಾಗುವುದಿಲ್ಲ. ಇನ್ನೊಂದು ಮಾತು. ಗಾಜಿನ ಪಾತ್ರೆಯನ್ನು ಓವನ್ನಿಂದ ತೆಗೆದು ಒದ್ದೆ ಕಲ್ಲಿನ ಕಟ್ಟೆ ಮೇಲೆ ಇಡಬೇಡಿ. ನಂದು ಪಟಾರ್ ಅಂತ ಸಿಡಿಯಿತು. ಆರು ಪೌಂಡ್ ಹಣ್ಣು, ಎರಡು ಗಂಟೆ ಕೆಲಸ, ಹೊಸ ಪಾತ್ರೆ, ಎಲ್ಲ ಹೋಯಿತು. ಒಂದು ವಾರ ಮನೆಯೊಳಗೂ ಚಪ್ಪಲಿ ಹಾಕಿಕೊಂಡೇ ಓಡಾಡಿದೆವು.

ಹಾಸನದ ಅಕ್ಕ, ಮೇಕನ್:
ಕೇಕ್ ಅಂತೀರಾ? ನನಗೆ ಇದನ್ನು ಕಲಿಸಿದ್ದು ಇಲ್ಲೇ ಹುಟ್ಟಿ ಬೆಳೆದ ಪಕ್ಕದ ಮನೆಯ ಅಜ್ಜಿ. ನಮ್ಮ ಮಾರ್ಷಲ್‌ವಿಲ್‌ನಲ್ಲೇ 1870ರ ದಶಕದಲ್ಲಿ ಸ್ಯಾಮ್ಯುಯೆಲ್ ರಂಫ್ ಎಲ್ಬರ್ಟಾ ಪೀಚ್ ಬೆಳೆಸಿದ್ದು. ದೂರದೂರಿಗೆ ಕಳಿಸಿದರೂ ಕೆಡದ ಹಣ್ಣು. ಅದರಿಂದಲೇ ನಮ್ಮ ಜಾರ್ಜಿಯಾ ರಾಜ್ಯಕ್ಕೆ ಹೆಸರು ಬಂದದ್ದು.

ಕಾಫಿತೋಟ, ಗ್ರೀನ್‌ವಿಲ್:
ಹೆಸರು ನಿಮ್ಮದು, ಬೆಳೆ ನಮ್ಮದು. ನಮ್ಮ ದಕ್ಷಿಣ ಕ್ಯಾರೊಲಿನಾದಲ್ಲಿ ಜಾರ್ಜಿಯಾಕ್ಕಿಂತ ಜಾಸ್ತಿ ಪೀಚ್ ಬೆಳೆಯುತ್ತದೆ. 2023ರಲ್ಲಿ ಚಳಿಗಾಲ ಬೆಚ್ಚಗಾಗಿ, ಮಾರ್ಚ್‌ನಲ್ಲಿ ಹೆಪ್ಪುಗಟ್ಟಿಸುವ ಚಳಿ ಬಿದ್ದು, ನಿಮ್ಮಲ್ಲಿ ನೂರಕ್ಕೆ 90ರಷ್ಟು ಬೆಳೆ ಹೋಯಿತಲ್ಲ, ಆಗ ಎಲ್ಲಿಯ ಹಣ್ಣು ತಿಂದಿರಿ?

ಹಾಸನದ ಅಕ್ಕ, ಮೇಕನ್:
ರೈತರ ಬೆಳೆ ಹೋದದ್ದನ್ನು ಹಂಗಿಸಬೇಡಿ. ಆ ವರ್ಷ ನಾನು ಕಾಬ್ಲರ್ ಮಾಡಲೇ ಇಲ್ಲ.

ತೀರ್ಥಹಳ್ಳಿ ಮಗಳು, ಷಾರ್ಲೆಟ್:
ಜಗಳ ಬಿಡಿ. ಅತ್ತೆ ಇದ್ದಾರೆ ಅಂದರಲ್ಲ, ಅದಕ್ಕೆ ಹೇಳುತ್ತೇನೆ. ಆರು ವರ್ಷದ ಹಿಂದೆ ಮೇಲೆ ಜಾಲರಿ ಹೆಣೆಯಲು ಅಂಗಡಿಯಿಂದ ರೆಡಿ ಹಿಟ್ಟು ತಂದೆ. ಮಾವ ಎರಡು ಸಲ ಹಾಕಿಸಿಕೊಂಡರು. ಅವರು ಕೈ ತೊಳೆದು ಎದ್ದ ಮೇಲೆ ಕಸದ ಬುಟ್ಟಿಯಲ್ಲಿದ್ದ ಡಬ್ಬದ ಬದಿ ಓದಿದೆ. ಹಂದಿ ಕೊಬ್ಬು. ಅಲ್ಲೇ ಕುಸಿದು ಕೂತೆ. ಇವತ್ತಿಗೂ ಅವರಿಗೆ ಹೇಳಿಲ್ಲ.

ಕಾಫಿತೋಟ, ಗ್ರೀನ್‌ವಿಲ್:
ಹೇಳದೇ ಇದ್ದದ್ದು ದೊಡ್ಡ ತಪ್ಪು ಮೇಡಂ. ಅವರ ಊಟ, ಅವರ ವ್ರತ. ತಿಳಿಯುವ ಹಕ್ಕು ಅವರಿಗಿದೆ.

ತೀರ್ಥಹಳ್ಳಿ ಮಗಳು, ಷಾರ್ಲೆಟ್:
ಸರ್, ಅವರಿಗೀಗ 81. ಆ ದಿನ ತಿಂದದ್ದನ್ನು ನೆನೆದು ಈಗಲೂ ಫೋನಿನಲ್ಲಿ ಕೇಳುತ್ತಾರೆ, "ಆ ಪೀಚ್ ಹಣ್ಣಿನ ಸಿಹಿ ಮತ್ತೆ ಯಾವಾಗಮ್ಮ?" ಅಂತ. ನೀವೇ ಹೇಳಿ, ಹೇಗೆ ಹೇಳಲಿ?

ದಾವಣಗೆರೆ ಸೊಸೆ, ಅಟ್ಲಾಂಟಾ:
ಬಿಸಿ ಹಣ್ಣಿನ ಮೇಲೆ ಉಂಡೆ ಬಿಟ್ಟು ನೋಡಿದೆ. ತಳ ಬೆಂದಿದೆ. ರಸ ಇನ್ನೂ ನೀರು, ಇವತ್ತು ರಾತ್ರಿ ಹತ್ತು ನಿಮಿಷ ಜಾಸ್ತಿ ಇಡುತ್ತೇನೆ.