ಸಹಾಯ ಬೇಕು: ಸುಡೋ ಬಿಲ್ಡ್ ಆಗ್ತಿದೆ, ಯೆಸ್‌ಕ್ರಿಪ್ಟ್ ಪಾಸ್‌ವರ್ಡ್ ಮಾತ್ರ ಒಪ್ತಿಲ್ಲ

ನಮಸ್ಕಾರ. ಆಲ್ಪೈನ್ ಲಿನಕ್ಸ್‌ನಲ್ಲಿ ಪ್ಯಾಮ್ (ಲಾಗಿನ್ ಪರಿಶೀಲಿಸುವ ವ್ಯವಸ್ಥೆ) ಬಿಟ್ಟು ಸುಡೋವನ್ನು (ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಪ್ರೋಗ್ರಾಂ) ಸ್ಟ್ಯಾಟಿಕ್ ಆಗಿ, ಅಂದರೆ ಬೇಕಾದ ಲೈಬ್ರರಿಗಳನ್ನು ಒಳಗೇ ಸೇರಿಸಿ, ಕಂಪೈಲ್ ಮಾಡಿ, ಡೆಬಿಯನ್ 12 ಲಿನಕ್ಸ್ ಇರುವ ಮಷೀನಿಗೆ ಹಾಕಿದ್ದೇನೆ. ಎರರ್ ಒಂದೂ ಬರಲಿಲ್ಲ. ಆದರೆ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ‘ಸಾರಿ, ಟ್ರೈ ಅಗೇನ್’ ಅನ್ನುತ್ತದೆ.

ಮಜಾ ಏನಂದ್ರೆ, ಹಳೇ ಯೂಸರ್‌ಗಳಿಗೆ ಯಾವ ತೊಂದರೆಯೂ ಇಲ್ಲ! ಪಾಸ್‌ವರ್ಡ್‌ಗಳ ಹ್ಯಾಶ್ (ಗುಪ್ತ ರೂಪ) ಇರುವ ಶ್ಯಾಡೋ ಫೈಲ್ ನೋಡಿದೆ. ಅವರ ಹ್ಯಾಶ್ ಶುರುವಾಗುವುದು ಡಾಲರ್-6-ಡಾಲರ್‌ನಿಂದ, ಅಂದರೆ ಎಸ್‌ಎಚ್‌ಎ-512. ಹೊಸಬರದ್ದು ಡಾಲರ್-ವೈ-ಡಾಲರ್, ಅಂದರೆ ಯೆಸ್‌ಕ್ರಿಪ್ಟ್ ಅನ್ನೋ ಇನ್ನೊಂದು ಹ್ಯಾಶ್ ವಿಧಾನ. ಡೆಬಿಯನ್ 11ರಿಂದ ಅದೇ ಡೀಫಾಲ್ಟ್ ಅಲ್ವಾ? ಆದರೆ ಆಲ್ಪೈನ್‌ನ ಮೂಲ ಸಿ ಲೈಬ್ರರಿ (ಲಿಬ್‌ಸಿ) ಮಸಲ್; ಅದರಲ್ಲಿ ಪಾಸ್‌ವರ್ಡ್ ಹ್ಯಾಶ್ ಮಾಡುವ ಕ್ರಿಪ್ಟ್ ಫಂಕ್ಷನ್‌ಗೆ ಯೆಸ್‌ಕ್ರಿಪ್ಟ್ ಗೊತ್ತಿಲ್ಲ.

ಯೆಸ್‌ಕ್ರಿಪ್ಟ್ ಗೊತ್ತಿರುವ ಲಿಬ್‌ಎಕ್ಸ್‌ಕ್ರಿಪ್ಟ್ ಲೈಬ್ರರಿ ಬಿಲ್ಡ್ ಮಾಡಿ ಪಕ್ಕದಲ್ಲೇ ಇಟ್ಟಿದ್ದೇನೆ. ಆದರೆ ಕಂಪೈಲ್‌ಗೆ ಮುಂಚೆ ಓಡಿಸುವ ಸುಡೋದ ಕಾನ್ಫಿಗರ್ ಸ್ಕ್ರಿಪ್ಟ್ ಮೊದಲು ಲಿಬ್‌ಸಿಯಲ್ಲೇ ಕ್ರಿಪ್ಟ್ ಹುಡುಕುತ್ತದೆ. ಮಸಲ್‌ನಲ್ಲಿ ಅದು ಅಲ್ಲೇ ಸಿಗುತ್ತದೆ, ಹಾಗಾಗಿ ಬೇರೆ ಲೈಬ್ರರಿ ಕಡೆ ತಿರುಗಿಯೂ ನೋಡಲ್ಲ.

ಲಿಂಕ್ ಮಾಡುವಾಗ ಲಿಬ್‌ಎಕ್ಸ್‌ಕ್ರಿಪ್ಟ್‌ನ ಸ್ಟ್ಯಾಟಿಕ್ ಫೈಲ್ ಲಿಬ್‌ಸಿಗಿಂತ ಮುಂದೆ ಬರುವ ಹಾಗೆ ಮಾಡುವುದು ಹೇಗೆ? ಕಾನ್ಫಿಗರ್‌ಗೆ ಲಿಬ್ಸ್ ವೇರಿಯಬಲ್‌ನಲ್ಲಿ (ಲಿಂಕ್ ಮಾಡಬೇಕಾದ ಲೈಬ್ರರಿಗಳ ಪಟ್ಟಿ) ಆ ಫೈಲಿನ ಪೂರ್ತಿ ಪಾತ್ ಕೊಟ್ಟರೆ ಸಾಕಾ? ಯಾರಾದರೂ ಮಾಡಿದ್ದರೆ ದಯವಿಟ್ಟು ಹೇಳಿ. ‘ಎಲ್ಲರ ಪಾಸ್‌ವರ್ಡ್ ರೀಸೆಟ್ ಮಾಡಿಸಿ’ ಅಂತ ಮಾತ್ರ ಹೇಳಬೇಡಿ, ಆಫೀಸಿನಲ್ಲಿ ನನ್ನನ್ನು ಸುಮ್ನೆ ಬಿಡಲ್ಲ.