ಐ3ಗೆ ಬಂದ ಮೇಲೆ ಸೂಪರ್+ಸ್ಪೇಸ್ ಒತ್ತಿದರೆ ಕನ್ನಡ ಬರುತ್ತಿಲ್ಲ

ಅಡಿಕೆತೋಟ, ರಾತ್ರಿ 10:52
ಎರಡು ದಿನದಿಂದ ತಲೆ ಕೆಟ್ಟುಹೋಗಿದೆ. ನನ್ನದು ಹಳೇ ಲ್ಯಾಪ್‌ಟಾಪು, 4 ಜಿಬಿ ರ್‍ಯಾಮ್. ಗ್ನೋಮ್ ಡೆಸ್ಕ್‌ಟಾಪ್ ಭಾರ ಆಗುತ್ತಿತ್ತು ಅಂತ ಡೆಬಿಯನ್ 12 ಲಿನಕ್ಸ್‌ನಲ್ಲೇ ಐ3 ಹಾಕಿಕೊಂಡೆ, ಕಿಟಕಿಗಳನ್ನು ಜೋಡಿಸುವ ಹಗುರವಾದ ವಿಂಡೋ ಮ್ಯಾನೇಜರ್ ಅದು. ವೇಗವೇನೋ ಚೆನ್ನಾಗಿದೆ. ಆದರೆ ಕನ್ನಡ ಹೋಯಿತು. ಗ್ನೋಮ್‌ನಲ್ಲಿ ಸೂಪರ್+ಸ್ಪೇಸ್ (ಸೂಪರ್ ಅಂದರೆ ವಿನ್ ಕೀ) ಒತ್ತಿದರೆ ಸಾಕಿತ್ತು, ಕನ್ನಡದ ಕಗಪ ಕೀಲಿವಿನ್ಯಾಸ ಬರುತ್ತಿತ್ತು. ಇಲ್ಲಿ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ. ಟೈಪಿಂಗ್ ಭಾಷೆ ಬದಲಿಸುವ ಐಬಸ್ ಇದೆ, ಅದಕ್ಕೆ ಕಗಪ ಒದಗಿಸುವ ಎಂ17ಎನ್ ಇದೆ. ನಾಳೆ ಸಂಜೆಯೊಳಗೆ ಏಳನೇ ತರಗತಿಯ ಪ್ರಶ್ನೆಪತ್ರಿಕೆ ಟೈಪ್ ಮಾಡಿ ಕೊಡಬೇಕು. ಯಾರಾದರೂ ದಾರಿ ಹೇಳಿ.

ಕರಿಪರದೆ, ರಾತ್ರಿ 11:05
ಇದು ನೂರಕ್ಕೆ ನೂರು ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಮ್‌ಗಳು ಶುರುವಾಗುವಾಗ ಓದಿಕೊಳ್ಳುವ ಸೆಟ್ಟಿಂಗ್) ಸಮಸ್ಯೆ. ಗ್ನೋಮ್ ಎಲ್ಲವನ್ನೂ ತಾನೇ ಹೊಂದಿಸಿ ಕೊಡುತ್ತದೆ. ಐ3 ಬರೀ ವಿಂಡೋ ಮ್ಯಾನೇಜರ್, ನಾವು ಹೇಳದೆ ಏನೂ ಮಾಡುವುದಿಲ್ಲ. ಜಿಟಿಕೆ ಐಎಂ ಮಾಡ್ಯೂಲ್, ಕ್ಯೂಟಿ ಐಎಂ ಮಾಡ್ಯೂಲ್ ಎರಡಕ್ಕೂ ಐಬಸ್ ಅಂತ ಕೊಡಿ. ಎಕ್ಸ್‌ಮಾಡಿಫೈಯರ್ಸ್‌ಗೆ @ಐಎಂ=ಐಬಸ್ ಅಂತ ಕೊಡಿ. ಲಾಗೌಟ್ ಆಗಿ ಬನ್ನಿ. ಐ3 ಕಾನ್ಫಿಗ್‌ನಲ್ಲಿ ಹಿನ್ನೆಲೆಯಲ್ಲಿ ಓಡುವ ಐಬಸ್ ಡೀಮನ್ ಶುರು ಮಾಡುವ ಸಾಲು ಇದೆಯಾ?

ಅಡಿಕೆತೋಟ, ರಾತ್ರಿ 11:20
ಸಾಲು ಇದೆ. ಮೂರೂ ವೇರಿಯಬಲ್ ಹಾಕಿದ್ದೇನೆ. ಟರ್ಮಿನಲ್‌ನಲ್ಲಿ ಎಕೋ ಮಾಡಿ ನೋಡಿದೆ, ಸರಿಯಾಗಿಯೇ ತೋರಿಸುತ್ತಿದೆ.

ಕರಿಪರದೆ, ರಾತ್ರಿ 11:24
ಟರ್ಮಿನಲ್‌ನಲ್ಲಿ ಸರಿ ಇದ್ದರೆ ಸಾಲದು. ಐ3 ಶುರುವಾಗುವ ಮೊದಲೇ ಅವು ಇರಬೇಕು. ಟರ್ಮಿನಲ್ ತೆರೆದಾಗ ಓದುವ ಬ್ಯಾಶ್‌ಆರ್‌ಸಿ ಕಡತದಲ್ಲಿ ಹಾಕಿದ್ದರೆ ತೆಗೆದು, ಲಾಗಿನ್ ಆಗುವಾಗಲೇ ಓದುವ ಎಕ್ಸ್‌ಪ್ರೊಫೈಲ್‌ನಲ್ಲಿ ಹಾಕಿ. ಡೆಬಿಯನ್‌ನಲ್ಲಿ ಐಎಂ-ಕಾನ್ಫಿಗ್ ಓಡಿಸಿ ಐಬಸ್ ಆರಿಸಿದರೂ ಆಗುತ್ತದೆ.

ನೇರದಾರಿ, ರಾತ್ರಿ 11:31
ಇಷ್ಟೆಲ್ಲ ಯಾಕೆ? ಐಬಸ್ಸೇ ಬೇಡ. ಲಿನಕ್ಸ್‌ನ ಮೂಲ ಕೀಬೋರ್ಡ್ ವ್ಯವಸ್ಥೆ ಎಕ್ಸ್‌ಕೆಬಿಯಲ್ಲೇ ಕನ್ನಡ ಕಗಪ ವೇರಿಯಂಟ್ ಇದೆ. ಸೆಟ್‌ಎಕ್ಸ್‌ಕೆಬಿಮ್ಯಾಪ್‌ನಲ್ಲಿ ಅಮೆರಿಕನ್ ಲೇಔಟ್ ಒಂದು, ಭಾರತದ್ದು ಒಂದು ಕೊಡಿ. ಆಲ್ಟ್+ಶಿಫ್ಟ್‌ನಲ್ಲಿ ಬದಲಾಯಿಸಿಕೊಳ್ಳಿ. ಡೀಮನ್ನೂ ಇಲ್ಲ, ವೇರಿಯಬಲ್ಲೂ ಇಲ್ಲ.

ಹಾಲಂತ, ರಾತ್ರಿ 11:40
@ನೇರದಾರಿ, ನುಡಿಯಲ್ಲಿ ಟೈಪ್ ಮಾಡಿ ಅಭ್ಯಾಸ ಇರುವವರಿಗೆ ಅದು ಸರಿಹೋಗುವುದಿಲ್ಲ. ಎಕ್ಸ್‌ಕೆಬಿಯಲ್ಲಿ ಒಂದು ಒತ್ತಿಗೆ ನಿಗದಿಯಾದ ಒಂದು ಅಕ್ಷರ ಅಷ್ಟೇ. ಪದದ ಶುರುವಲ್ಲಿ ಇ ಕೊಟ್ಟ ಕೀಯೇ ವ್ಯಂಜನದ ಮುಂದೆ ಗುಣಿಸು ಕೊಡಬೇಕು ಅಂದರೆ ಹಿಂದಿನ ಅಕ್ಷರ ಯಾವುದು ಅಂತ ಗೊತ್ತಿರಬೇಕು. ಎಂ17ಎನ್ ಆ ಕೆಲಸ ಮಾಡುತ್ತದೆ, ಎಕ್ಸ್‌ಕೆಬಿ ಮಾಡುವುದಿಲ್ಲ.

ನೇರದಾರಿ, ರಾತ್ರಿ 11:44
ಹಾಗಾದರೆ ಇನ್‌ಸ್ಕ್ರಿಪ್ಟ್ ಕೀಲಿವಿನ್ಯಾಸ ಕಲಿಯಲಿ. ಬರೀ ಕೀ ಒತ್ತಿದರೆ ಗುಣಿಸು, ಶಿಫ್ಟ್ ಸೇರಿಸಿ ಒತ್ತಿದರೆ ಸ್ವರ. ಎಕ್ಸ್‌ಕೆಬಿಗೆ ಹೇಳಿ ಮಾಡಿಸಿದ ಹಾಗಿದೆ. ನಾನು ಒಂದೇ ತಿಂಗಳಲ್ಲಿ ಕಲಿತೆ. ತೆಲುಗು, ಮಲಯಾಳಕ್ಕೂ ಅದೇ ಬೆರಳು.

ಹಾಲಂತ, ರಾತ್ರಿ 11:49
ನಾಳೆ ಸಂಜೆ ಪ್ರಶ್ನೆಪತ್ರಿಕೆ ಕೊಡಬೇಕಾದವರಿಗೆ ಒಂದು ತಿಂಗಳ ಮಾತು ಹೇಳುತ್ತಿದ್ದೀರಲ್ಲ ಸರ್. ಕೆ.ಪಿ. ರಾವ್ ಅವರು ರೂಪಿಸಿದ ಕಗಪ ವಿನ್ಯಾಸ ನಮ್ಮ ಬೆರಳಿಗೆ ಹತ್ತಿಹೋಗಿದೆ. ಎಫ್ ಒತ್ತಿದರೆ ಅರ್ಧಾಕ್ಷರ, ಅದು ಯೋಚನೆಯೇ ಇಲ್ಲದೆ ಬರುತ್ತದೆ. ಇನ್‌ಸ್ಕ್ರಿಪ್ಟ್‌ನಲ್ಲಿ ಅದು ಡಿ ಮೇಲೆ. ವರ್ಷಗಟ್ಟಲೆ ಕೂತ ಅಭ್ಯಾಸವನ್ನು ಒಂದು ವಿಂಡೋ ಮ್ಯಾನೇಜರ್‌ಗೋಸ್ಕರ ಬಿಡಬೇಕಾ?

ಸೀಳುಕೀಲಿ, ರಾತ್ರಿ 11:58
ನಾನು ಲೇಔಟ್ ಬದಲಿಸುವುದಕ್ಕೆ ಕೀಬೋರ್ಡ್‌ನಲ್ಲೇ ಪ್ರತ್ಯೇಕ ಕೀ ಇಟ್ಟುಕೊಂಡಿದ್ದೇನೆ. ನನ್ನದು 42 ಕೀಗಳ ಸೀಳು ಕೀಬೋರ್ಡ್, ನಾನೇ ಕೂತು ಬೆಸುಗೆ ಹಾಕಿದ್ದು. ಕ್ಯೂಎಂಕೆ ಫರ್ಮ್‌ವೇರ್, ಬ್ರೌನ್ ಸ್ವಿಚ್. ಎಡ ಹೆಬ್ಬೆರಳಿಗೆ ಕನ್ನಡ, ಬಲ ಹೆಬ್ಬೆರಳಿಗೆ ಇಂಗ್ಲಿಷ್. ಮಣಿಕಟ್ಟಿನ ನೋವೂ ಹೋಯಿತು. ಫೋಟೋ ಬೇಕಿದ್ದರೆ ಹಾಕುತ್ತೇನೆ.

ಹಾಲಂತ, ರಾತ್ರಿ 12:03
ಫೋಟೋ ಹಾಕಿ, ನೋಡೋಣ. ಕೀಕ್ಯಾಪ್ ಮೇಲೆ ಕನ್ನಡ ಅಕ್ಷರ ಮಾಡಿಸಿದ್ದೀರಾ?

ಅಡಿಕೆತೋಟ, ರಾತ್ರಿ 12:10
ಎಕ್ಸ್‌ಪ್ರೊಫೈಲ್‌ನಲ್ಲಿ ಹಾಕಿದೆ. ಐಎಂ-ಕಾನ್ಫಿಗ್ ಓಡಿಸಿದೆ. ಮೂರು ಸಲ ರೀಬೂಟ್ ಮಾಡಿದೆ. ಅದೇ ಕತೆ. ಪ್ರತಿ ಸಲ ಮೌಸ್ ಹಿಡಿದು ಬದಲಿಸುತ್ತಾ ಕೂತರೆ ಪ್ರಶ್ನೆಪತ್ರಿಕೆ ಮುಗಿದ ಹಾಗೆಯೇ. ಗಣಿತದಲ್ಲಿ ಸಾಲಿಗೆ ನಾಲ್ಕು ಸಲ ಇಂಗ್ಲಿಷ್ ಬೇಕು.

ಕರಿಪರದೆ, ರಾತ್ರಿ 12:13
ಹಾಗಾದರೆ ಐಬಸ್ ತೆಗೆದುಹಾಕಿ ಮತ್ತೆ ಇನ್‌ಸ್ಟಾಲ್ ಮಾಡಿ. ಇಲ್ಲವಾದರೆ ಐಬಸ್ ಥರದ್ದೇ ಆದ ಎಫ್‌ಸಿಟಿಎಕ್ಸ್5ಗೆ ಹೋಗಿ, ವೇರಿಯಬಲ್ ಅದಕ್ಕೆ ತಕ್ಕ ಹಾಗೆ ಬದಲಿಸಿ.

ಬೆಟ್ಟದಮೇಲೆ, ಬೆಳಿಗ್ಗೆ 6:35
ಸ್ವಲ್ಪ ತಡೆಯಿರಿ, ಏನನ್ನೂ ತೆಗೆಯಬೇಡಿ. @ಅಡಿಕೆತೋಟ, ಮೌಸ್‌ನಲ್ಲಿ ಬದಲಿಸುತ್ತಾ ಕೂತರೆ ಅಂದಿರಲ್ಲ. ಅಂದರೆ ಕೆಳಗಿನ ಐ3ಬಾರ್‌ನಲ್ಲಿರುವ ಐಬಸ್ ಐಕಾನ್ ಒತ್ತಿ ಕನ್ನಡ ಆರಿಸಿದರೆ ಕನ್ನಡ ಮೂಡುತ್ತದಾ?

ಅಡಿಕೆತೋಟ, ಬೆಳಿಗ್ಗೆ 7:10
ಹೌದು ಸರ್, ಮೂಡುತ್ತದೆ. ಅದು ನಿಮಗೆಲ್ಲ ಗೊತ್ತೇ ಇರುತ್ತದೆ ಅಂದುಕೊಂಡೆ. ಕೀ ಒತ್ತಿದರೆ ಮಾತ್ರ ಆಗುವುದಿಲ್ಲ.

ಬೆಟ್ಟದಮೇಲೆ, ಬೆಳಿಗ್ಗೆ 7:14
ಅದನ್ನು ಮೊದಲೇ ಹೇಳಬೇಕಿತ್ತು ಮಾರಾಯ್ರೆ! ಐಕಾನ್‌ನಿಂದ ಕನ್ನಡ ಬಂತು ಅಂದರೆ ಡೀಮನ್ ಸರಿ ಇದೆ, ವೇರಿಯಬಲ್ ಸರಿ ಇದೆ, ಎಂ17ಎನ್ ಸರಿ ಇದೆ. ಕೆಟ್ಟಿರುವುದು ಬದಲಿಸುವ ಕೀ ಒಂದೇ. ಎರಡು ಪ್ರಶ್ನೆ. ಐ3 ಮೊದಲ ಸಲ ಬಂದಾಗ ವಿನ್ ಕೀ ಬೇಕಾ, ಆಲ್ಟ್ ಬೇಕಾ ಅಂತ ಕೇಳುತ್ತದೆ. ನೀವು ಯಾವುದು ಕೊಟ್ಟಿರಿ? ಸೂಪರ್+ಸ್ಪೇಸ್ ಒತ್ತಿದಾಗ ನಿಜವಾಗಿಯೂ ಏನೂ ಆಗುವುದಿಲ್ಲವಾ, ಅಥವಾ ಬೇರೆ ಏನಾದರೂ ಆಗುತ್ತದಾ?

ಅಡಿಕೆತೋಟ, ಬೆಳಿಗ್ಗೆ 7:22
ವಿನ್ ಕೊಟ್ಟೆ. ಸಾಮಾನ್ಯವಾಗಿ ಏನೂ ಆಗುವುದಿಲ್ಲ. ನಿಘಂಟಿನ ಕಿಟಕಿಯನ್ನು ಫ್ಲೋಟಿಂಗ್ ಮಾಡಿ ಮೇಲೆ ಇಟ್ಟುಕೊಂಡಿರುತ್ತೇನೆ. ಅದು ಇದ್ದಾಗ ಮಾತ್ರ ಕರ್ಸರ್ ಅಲ್ಲಿಗೆ ಹಾರುತ್ತದೆ. ಟಚ್‌ಪ್ಯಾಡ್ ತೊಂದರೆ ಅಂದುಕೊಂಡಿದ್ದೆ.

ಬೆಟ್ಟದಮೇಲೆ, ಬೆಳಿಗ್ಗೆ 7:31
ಸಿಕ್ಕಿತು ನೋಡಿ. ಟಚ್‌ಪ್ಯಾಡಿನ ತಪ್ಪಿಲ್ಲ. ಐ3 ಕಾನ್ಫಿಗ್ ತೆರೆದು ಮೋಡ್_ಟಾಗಲ್ ಅಂತ ಹುಡುಕಿ. $ಮಾಡ್+ಸ್ಪೇಸ್ ಒತ್ತಿದರೆ ಫೋಕಸ್ ಮೋಡ್_ಟಾಗಲ್ ಅಂತ ಇರುತ್ತದೆ ($ಮಾಡ್ ಅಂದರೆ ಐ3 ತನ್ನ ಶಾರ್ಟ್‌ಕಟ್‌ಗಳಿಗೆ ಬಳಸುವ ಮುಖ್ಯ ಕೀ). ಐ3 ಜೊತೆಗೇ ಬರುವ ಸಾಲು ಅದು. ಟೈಲ್ ಆದ ಕಿಟಕಿಗೂ ಫ್ಲೋಟಿಂಗ್ ಕಿಟಕಿಗೂ ನಡುವೆ ಫೋಕಸ್ ಬದಲಿಸುತ್ತದೆ. ಫ್ಲೋಟಿಂಗ್ ಕಿಟಕಿಯೇ ಇಲ್ಲದಿದ್ದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ವಿನ್ ಕೀಯೇ ನಿಮ್ಮ $ಮಾಡ್ ಆಗಿರುವುದರಿಂದ ಸೂಪರ್+ಸ್ಪೇಸ್ ಅನ್ನು ಐ3 ಹಿಡಿದಿಟ್ಟುಕೊಂಡಿದೆ. ಐಬಸ್‌ಗೆ ಆ ಕೀ ತಲುಪುತ್ತಲೇ ಇಲ್ಲ.

ಖಾತ್ರಿ ಬೇಕಿದ್ದರೆ ತನಗೆ ತಲುಪಿದ ಕೀಗಳನ್ನು ತೋರಿಸುವ ಎಕ್ಸ್‌ಇವಿ ಓಡಿಸಿ, ಆ ಕಿಟಕಿಯೊಳಗೆ ಸೂಪರ್+ಸ್ಪೇಸ್ ಒತ್ತಿ. ಸ್ಪೇಸ್‌ನ ಕೀಪ್ರೆಸ್ ಬರುವುದಿಲ್ಲ. ಬದಲಿಗೆ ಫೋಕಸ್‌ಔಟ್ ಬರುತ್ತದೆ, ಪಕ್ಕದಲ್ಲಿ ನೋಟಿಫೈಗ್ರ್ಯಾಬ್ ಅಂತ ಇರುತ್ತದೆ. ಬೇರೆ ಯಾರೋ ಕೀ ಕಸಿದುಕೊಂಡರು ಅಂತ ಅದರ ಅರ್ಥ.

ಆ ಸಾಲನ್ನು $ಮಾಡ್+ಕಂಟ್ರೋಲ್+ಸ್ಪೇಸ್‌ಗೆ ಬದಲಿಸಿ. ಐ3 ರೀಲೋಡ್ ಮಾಡಿ. ಆಮೇಲೆ ಐಬಸ್ ಅನ್ನೂ ಮರೆಯದೆ ರೀಸ್ಟಾರ್ಟ್ ಮಾಡಿ.

ಕರಿಪರದೆ, ಬೆಳಿಗ್ಗೆ 8:02
ಇದು ನನಗೆ ಹೊಳೆಯಲಿಲ್ಲ. ನಾನು ಮೊದಲಿಂದಲೂ ಆಲ್ಟ್ ಅನ್ನೇ $ಮಾಡ್ ಮಾಡಿಕೊಂಡವನು, ನನಗೆ ಈ ಘರ್ಷಣೆ ಬಂದೇ ಇಲ್ಲ. ಆದರೂ ವೇರಿಯಬಲ್‌ಗಳನ್ನು ತೆಗೆಯಬೇಡಿ. ಮುಂದೆ ಕಿಟ್ಟಿ ಟರ್ಮಿನಲ್ ಬಳಸಿದರೆ ಜಿಎಲ್‌ಎಫ್‌ಡಬ್ಲ್ಯೂ ಐಎಂ ಮಾಡ್ಯೂಲ್ ಅಂತ ಇನ್ನೊಂದನ್ನೂ ಸೇರಿಸಬೇಕಾಗುತ್ತದೆ.

ನೇರದಾರಿ, ಬೆಳಿಗ್ಗೆ 8:20
ಆಲ್ಟ್+ಶಿಫ್ಟ್ ಇಟ್ಟುಕೊಂಡಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ, ಅಷ್ಟು ಮಾತ್ರ ಹೇಳುತ್ತೇನೆ.

ಅಡಿಕೆತೋಟ, ಸಂಜೆ 4:47
ಬಂತು! ಬರೀ ರೀಲೋಡ್ ಮಾಡಿದಾಗ ಬರಲಿಲ್ಲ, ಐಬಸ್ ರೀಸ್ಟಾರ್ಟ್ ಮಾಡಿದ ಮೇಲೆ ಬಂತು. ಪ್ರಶ್ನೆಪತ್ರಿಕೆ ಕೊಟ್ಟಾಯಿತು. ಬೆಟ್ಟದಮೇಲೆ ಸರ್, ತುಂಬಾ ಉಪಕಾರ ಆಯಿತು. ಒಂದು ಚಿಕ್ಕ ಆಸೆ. ಟಾಗಲ್ ಬೇಡ, ಒಂದು ಕೀಗೆ ಖಚಿತವಾಗಿ ಕನ್ನಡ, ಇನ್ನೊಂದಕ್ಕೆ ಖಚಿತವಾಗಿ ಇಂಗ್ಲಿಷ್ ಇಡಬಹುದಾ? ಸೀಳುಕೀಲಿ ಅವರ ಹಾಗೆ?

ಬೆಟ್ಟದಮೇಲೆ, ಸಂಜೆ 6:15
ಇಡಬಹುದು, ಬೆಸುಗೆ ಹಾಕುವುದೂ ಬೇಡ. ಐಬಸ್ ಎಂಜಿನ್ ಅನ್ನುವ ಆದೇಶದ ಮುಂದೆ ಎಂಜಿನ್ ಹೆಸರು ಕೊಟ್ಟರೆ ನೇರವಾಗಿ ಅದಕ್ಕೇ ಹೋಗುತ್ತದೆ. ಕನ್ನಡಕ್ಕೆ ಎಂ17ಎನ್:ಕೆಎನ್:ಕೆಜಿಪಿ, ಇಂಗ್ಲಿಷ್‌ಗೆ ಎಕ್ಸ್‌ಕೆಬಿ:ಯುಎಸ್::ಇಎನ್‌ಜಿ. ಐ3 ಕಾನ್ಫಿಗ್‌ನಲ್ಲಿ $ಮಾಡ್+ಎಫ್9, $ಮಾಡ್+ಎಫ್10ಕ್ಕೆ ಒಂದೊಂದು ಎಕ್ಸೆಕ್ ಸಾಲು ಬರೆಯಿರಿ. ನಾನು ಹಾಗೆಯೇ ಇಟ್ಟುಕೊಂಡಿದ್ದೇನೆ. ಈಗ ಯಾವ ಭಾಷೆಯಲ್ಲಿದ್ದೇನೆ ಅಂತ ತಲೆ ಎತ್ತಿ ನೋಡುವುದೇ ಬೇಡ.

ಹೊಸಬಳು, ರಾತ್ರಿ 9:30
ನಾನು ಸ್ವೇ ಬಳಸುತ್ತೇನೆ, ಐ3 ಥರದ್ದೇ, ಆದರೆ ಎಕ್ಸ್ ಬದಲು ವೇಲ್ಯಾಂಡ್ ಮೇಲೆ ಓಡುವುದು. ಕಾನ್ಫಿಗ್ ತೆರೆದು ನೋಡಿದೆ, ಅಲ್ಲೂ ಇದೇ ಮೋಡ್_ಟಾಗಲ್ ಸಾಲು ಇದೆ. ತೆಗೆದೆ. ಆದರೂ ಕನ್ನಡಕ್ಕೆ ಬದಲಾಗುತ್ತಿಲ್ಲ. ನನ್ನದರಲ್ಲಿ ಐಕಾನ್ ಕೂಡ ಕಾಣುವುದಿಲ್ಲ. ಯಾರಾದರೂ ಸ್ವೇನಲ್ಲಿ ಕಗಪ ಓಡಿಸಿದ್ದೀರಾ?

ಸೀಳುಕೀಲಿ, ರಾತ್ರಿ 10:12
ಫೋಟೋ ಹಾಕಿದ್ದೇನೆ. ಕೀಕ್ಯಾಪ್ ಮೇಲೆ ಅಕ್ಷರ ಇಲ್ಲ, ಎಲ್ಲ ಖಾಲಿ.